ಸಾಲು ಬಿಡಿಸಿ, ಮಕ್ಕಳ ಕಾಲಿಗೆ ಚೆಂಡು ಕೊಡಿ

ಸಂಪಾದಕರಿಗೆ,

ಬೇಸಿಗೆ ರಜೆ ಹತ್ತಿರ ಬಂತು. ದಾವಣಗೆರೆಯಲ್ಲಿ ಇನ್ನು ಎಲ್ಲಿ ನೋಡಿದರೂ ಶಿಬಿರಗಳು. ಕ್ರಿಕೆಟ್, ಈಜು, ಸ್ಕೇಟಿಂಗ್ ಜೊತೆಗೆ ಈಗ ಫುಟ್‌ಬಾಲಿಗೂ ಮಕ್ಕಳು ಬರುತ್ತಿದ್ದಾರೆ. ಹಲವು ವರ್ಷಗಳಿಂದ ಊರಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಹಾಗಾಗಿ ಶಿಬಿರ ನಡೆಸುವವರಿಗೂ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೂ ಒಂದು ಮಾತು ಹೇಳಬೇಕು ಅನಿಸಿದೆ. ದಯವಿಟ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸುವುದನ್ನು ಬಿಡಿ.

ನಾನೂ ಮೊದಲು ಹಾಗೇ ಮಾಡುತ್ತಿದ್ದೆ. 24 ಮಕ್ಕಳು, ಎರಡು ಸಾಲು, ಎರಡು ಚೆಂಡು. ಒಬ್ಬರು ಚೆಂಡು ತೆಗೆದುಕೊಂಡು ಓಡಿ, ಗೋಲಿಗೆ ಹೊಡೆದು, ಸಾಲಿನ ಹಿಂದೆ ಹೋಗಿ ನಿಲ್ಲಬೇಕು. ದೂರದಿಂದ ನೋಡಿದವರಿಗೆ ಬಹಳ ಶಿಸ್ತು ಕಾಣುತ್ತಿತ್ತು. ಹರಿಹರದ ಕಡೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಹತ್ತು ವರ್ಷದ ಹುಡುಗಿ ಒಂದು ದಿನ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳಿದಳು: "ಸರ್, ನನ್ನ ಪಾಳಿ ಬರೋ ಹೊತ್ತಿಗೆ ಟೈಮೇ ಆಗಿರ್ತೈತಿ."

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಒಬ್ಬರ ಪಾಳಿಗೆ 15 ಸೆಕೆಂಡ್ ಅಂದರೆ, 12 ಜನರ ಸಾಲಿನಲ್ಲಿ ಮತ್ತೆ ಪಾಳಿ ಬರಲು ಮೂರು ನಿಮಿಷ. 20 ನಿಮಿಷದಲ್ಲಿ ಆ ಹುಡುಗಿಗೆ ಚೆಂಡು ಸಿಕ್ಕಿದ್ದು ಆರೋ ಏಳೋ ಸಲ. ಅಷ್ಟಕ್ಕಾಗಿ ಆ ಮಗು ಐದು ಗಂಟೆಗೆ ಎದ್ದು ಬಸ್ಸು ಹತ್ತಿ ಬರುತ್ತಿತ್ತು. ನನಗೆ ಬಹಳ ನೋವಾಯಿತು.

ಈಗ ನಮ್ಮಲ್ಲಿ ಸಾಲು ಇಲ್ಲ. ಆರು ಗಂಟೆಗೆ ಬಂದ ತಕ್ಷಣ ಒಬ್ಬೊಬ್ಬರಿಗೂ ಒಂದೊಂದು ಚೆಂಡು. ಇಪ್ಪತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲದ ಚೌಕದೊಳಗೆ ಎಲ್ಲರೂ ಒಟ್ಟಿಗೆ ಚೆಂಡು ಉರುಳಿಸುತ್ತಾ ಓಡಾಡುತ್ತಾರೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬಾರದು, ಅಷ್ಟೇ ನಿಯಮ. ಅದರಿಂದಲೇ ತಲೆ ಎತ್ತಿ ನೋಡುವ ಅಭ್ಯಾಸ ಬರುತ್ತದೆ. "ತಲೆ ಎತ್ತು, ತಲೆ ಎತ್ತು" ಅಂತ ನಾನು ವರ್ಷಗಟ್ಟಲೆ ಕೂಗಿದರೂ ಬಂದಿರಲಿಲ್ಲ. ಆಮೇಲೆ ಮೈದಾನವನ್ನು ಸುಣ್ಣದ ಗೆರೆ ಎಳೆದು ಮೂರು ಭಾಗ ಮಾಡುತ್ತೇವೆ. ಒಂದೊಂದರಲ್ಲಿ ನಾಲ್ವರ ಎದುರು ನಾಲ್ವರು. ಗೋಲಿಗೆ ಎರಡು ಇಟ್ಟಿಗೆ, ಇಲ್ಲದಿದ್ದರೆ ಎರಡು ಚಪ್ಪಲಿ. ಎಂಟೇ ಜನ ಇದ್ದಾಗ ಯಾರೂ ಮೂಲೆಯಲ್ಲಿ ಸುಮ್ನೆ ನಿಲ್ಲಲು ಆಗುವುದಿಲ್ಲ. ಚೆಂಡು ಎಲ್ಲರ ಹತ್ತಿರವೂ ಬಂದೇ ಬರುತ್ತದೆ.

ಆಟ ನಡೆಯುವಾಗ ನಾನು ಒಂದೋ ಎರಡೋ ಸಲ ಮಾತ್ರ ಸೀಟಿ ಊದುತ್ತೇನೆ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. "ಈಗ ಪಾಸ್ ಯಾರಿಗೆ ಕೊಡಬಹುದಿತ್ತು?" ಅಂತ ಚೆಂಡು ಇಟ್ಟುಕೊಂಡವರನ್ನೇ ಕೇಳುತ್ತೇನೆ. ಅವರೇ ಸುತ್ತ ನೋಡಿ, ಬೆರಳು ಮಾಡಿ ತೋರಿಸುತ್ತಾರೆ. ಅರ್ಧ ನಿಮಿಷದಲ್ಲಿ ಮತ್ತೆ ಆಟ ಶುರು. ದಿನಕ್ಕೆ ಒಂದೇ ವಿಷಯ ಹೇಳಿಕೊಡಬೇಕು. ಇವತ್ತು ಚೆಂಡು ನಿಲ್ಲಿಸುವುದು ಅಂದರೆ ಅದೊಂದೇ. ಹತ್ತು ತಪ್ಪು ಕಂಡರೂ ಒಂಬತ್ತನ್ನು ನಾಳೆಗೆ ಬಿಡುವುದು ಕೋಚ್‌ಗಳಿಗೆ ಬಹಳ ಕಷ್ಟ, ನನಗೆ ಗೊತ್ತು.

ಚೆಂಡಿನ ಅಳತೆ ಬಗ್ಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡವರ ಪಂದ್ಯದ ಐದನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಎಂಟರಿಂದ ಹನ್ನೆರಡು ವರ್ಷದವರಿಗೆ ನಾಲ್ಕನೇ ಸೈಜು, ಅದಕ್ಕಿಂತ ಚಿಕ್ಕವರಿಗೆ ಮೂರನೇ ಸೈಜು ಬೇಕು. ಆ ಹರಿಹರದ ಹುಡುಗಿ ಯಾವಾಗಲೂ ಬೆರಳ ತುದಿಯಿಂದಲೇ ಒದೆಯುತ್ತಿದ್ದಳು. ಎಷ್ಟು ತಿದ್ದಿದರೂ ಅಷ್ಟೇ. ನಾಲ್ಕನೇ ಸೈಜಿನ ಚೆಂಡು ಕೊಟ್ಟ ಮೇಲೆ ಕೆಲವೇ ದಿನಗಳಲ್ಲಿ ಪಾದದ ಒಳಬದಿಯಿಂದ ಪಾಸ್ ಕೊಡಲು ಶುರು ಮಾಡಿದಳು. ಅಲ್ಲಿಯವರೆಗೂ ನಾನು ಸುಮ್ಸುಮ್ನೆ ಅವಳನ್ನು ಗದರಿದ್ದೆ.

ಇನ್ನೊಂದು, ತಡವಾಗಿ ಬಂದವರಿಗೆ ಮೈದಾನ ಐದು ಸುತ್ತು ಓಡಿಸುವ ಶಿಕ್ಷೆ. ಓಡುವುದೇ ಶಿಕ್ಷೆ ಆದರೆ ಮಕ್ಕಳು ಪಂದ್ಯದಲ್ಲಿ ಇಷ್ಟಪಟ್ಟು ಓಡುತ್ತಾರೆಯೇ? ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು ಕೂಡ ಚಿಕ್ಕವರಿಗೆ ಬೇಡ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್ ಮಾಡಿಸಬಾರದು ಅಂತ 2020ರಲ್ಲೇ ಹೇಳಿದೆ. ಹದಿನಾಲ್ಕು ದಾಟಿದವರಿಗೆ ಮೈ ಬಿಸಿ ಮಾಡಲು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ "11 ಪ್ಲಸ್" ಎಂಬ ಅಭ್ಯಾಸ ಇದೆ. 20 ನಿಮಿಷ ಸಾಕು, ಖರ್ಚೇನೂ ಇಲ್ಲ, ಮಂಡಿ ಮತ್ತು ತೊಡೆಯ ಗಾಯ ಕಡಿಮೆಯಾಗುತ್ತದೆ. ನಮ್ಮ ಬಿಸಿಲಿನಲ್ಲಿ ಏಳೂವರೆ ಆದ ಮೇಲೆ ಆಡಿಸಲೇಬಾರದು. ಕಾಲು ಗಂಟೆಗೊಮ್ಮೆ ನೀರು, ಮಕ್ಕಳು ಕೇಳದಿದ್ದರೂ ಕೊಡಬೇಕು.

ತಂತಿ ಬೇಲಿಯ ಆಚೆ ನಿಂತು "ಹೊಡಿ, ಹೊಡಿ" ಎಂದು ಕೂಗುವ ಅಪ್ಪಂದಿರಲ್ಲಿ ಒಂದು ವಿನಂತಿ. ಮಗ ಪಾಸ್ ಕೊಡಲು ತಲೆ ಎತ್ತಿದ ಹೊತ್ತಿಗೇ ನಿಮ್ಮ ಕೂಗು ಕೇಳಿ ಕಣ್ಣುಮುಚ್ಚಿ ಒದ್ದುಬಿಡುತ್ತಾನೆ. ನಾನು ದಿನಾ ನೋಡುತ್ತಿದ್ದೇನೆ.

2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ಗೋಲುಗಳನ್ನು ನಮ್ಮ ಮಕ್ಕಳು ನನ್ನ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. "ನಮ್ಮೂರಿನವರು ಯಾರಾದ್ರೂ ಅದಾರಾ ಸರ್?" ಅಂತ ಒಬ್ಬ ಕೇಳಿದ. ಈ ಮಕ್ಕಳಿಗೆ ಆಸೆ ಕಡಿಮೆ ಇಲ್ಲ.

ಕ್ರೀಡಾ ಇಲಾಖೆಯವರಲ್ಲಿ, ಟೂರ್ನಮೆಂಟ್‌ಗಳಿಗೆ ದೊಡ್ಡ ದೊಡ್ಡ ಕಪ್ಪು, ಫ್ಲೆಕ್ಸ್ ಕೊಡಿಸುವ ದಾನಿಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ. ಈ ಬೇಸಿಗೆಯಲ್ಲಿ ಒಂದೊಂದು ಶಿಬಿರಕ್ಕೂ ನಾಲ್ಕನೇ ಸೈಜಿನ ಇಪ್ಪತ್ತು ಚೆಂಡು ಕೊಡಿಸಿ. ಜೊತೆಗೆ ಒಂದು ಗಾಳಿ ಪಂಪು, ಒಂದು ಡಜನ್ ಸೂಜಿ. ಸೂಜಿ ಬೇಗ ಮುರಿಯುತ್ತವೆ.

ಒಬ್ಬ ಫುಟ್‌ಬಾಲ್ ಕೋಚ್, ದಾವಣಗೆರೆ