ಕೊನೆಯ ಪುಟವೂ ಅಚ್ಚಿಗೆ ಹೋಯಿತು

ನಮ್ಮ 32 ಪುಟಗಳ ಕಾಮಿಕ್ಸ್ ಅಂತೂ ಅಚ್ಚಿಗೆ ಹೋಯಿತು. ಇಷ್ಟು ದಿನ ಬೇಸರಪಡದೆ ಕಾದ ಓದುಗರೇ, ಮೊದಲ ನಮಸ್ಕಾರ ನಿಮಗೆ. ತಡವಾಗಿದ್ದು ಚಿತ್ರ ಬರೆಯುವಲ್ಲಿ ಅಲ್ಲ, ಆಮೇಲಿನ ಕೆಲಸದಲ್ಲಿ. ಅಲ್ಲಿ ದುಡಿದವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ.

ತಳದ ಬಣ್ಣ ತುಂಬಿದ ಗೆಳೆಯರೇ, ನಿಮ್ಮ ಶ್ರಮ ಪುಟದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗೆರೆಯ ಲೇಯರ್ (ಪದರ) ಎಲ್ಲಕ್ಕಿಂತ ಮೇಲೆ, ಅಡಿಯ ಬಣ್ಣ ಕಾಣಲು ಬಿಡುವ ಮಲ್ಟಿಪ್ಲೈ ಮೋಡ್‌ನಲ್ಲಿ; ಅದರಡಿ ಮುಖ, ಕೂದಲು, ಅಂಗಿ ಒಂದೊಂದಕ್ಕೂ ನೆರಳಿಲ್ಲದ ಒಂದೇ ಬಣ್ಣ. ತುಂಬುವಾಗ ಅಂಚನ್ನು ನಯವಾಗಿಸುವ ಆಂಟಿ-ಅಲಿಯಾಸಿಂಗ್ ಆಫ್ ಇರಲೇಬೇಕು. ಇಲ್ಲದಿದ್ದರೆ ಎರಡು ಬಣ್ಣ ಕೂಡುವಲ್ಲಿ ಅರೆಬಣ್ಣದ ಪಿಕ್ಸೆಲ್ ಉಳಿಯುತ್ತವೆ, ಆಮೇಲೆ ಅಂಗಿಯನ್ನಷ್ಟೇ ಆಯ್ದು ಬಣ್ಣ ಬದಲಿಸಿದರೆ ಸುತ್ತ ಕೂದಲೆಳೆಯಷ್ಟು ಹಳೆಯ ಬಣ್ಣ ಇಣುಕುತ್ತದೆ. ನೀವು ಬಣ್ಣವನ್ನು ಗೆರೆಯ ನಡುವಿನವರೆಗೂ ಎಳೆದಿದ್ದಿರಿ, ಎಲ್ಲೂ ಬಿಳಿ ಸಂದು ಬಿಡಲಿಲ್ಲ.

ಅಕ್ಷರ ಕೂರಿಸಿದವರಿಗೆ ಎಷ್ಟು ಹೇಳಿದರೂ ಸಾಲದು. ಪಾತ್ರಗಳ ಮಾತು ಬರೆಯುವ ಗುಳ್ಳೆಗೆ ಬಲೂನು ಅನ್ನುತ್ತೇವೆ; ಇಂಗ್ಲಿಷಿನ ಬಲೂನಿನ ಅಳತೆ ಕನ್ನಡಕ್ಕೆ ಒಗ್ಗುವುದಿಲ್ಲ. ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತವೆ; ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಬೇಕು. ಜೊತೆಗೆ ‘ಹೋಗಬೇಕಾಗಿತ್ತಲ್ಲವೇ’ ಅನ್ನುವುದು ಒಂದೇ ಪದ, ಕಿರಿದಾದ ಬಲೂನಿನಲ್ಲಿ ಅದನ್ನು ಮುರಿದರೆ ಮಾತಿನ ಧಾಟಿಯೇ ಕೆಡುತ್ತದೆ. ಹಾಗಾಗಿ ಕಚ್ಚಾ ಚಿತ್ರದ ಹಂತದಲ್ಲೇ ಮಾತನ್ನು ಟೈಪ್ ಮಾಡಿಟ್ಟು, ಅದರ ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಪಾತ್ರಗಳನ್ನು ನಿಲ್ಲಿಸುವ ಕ್ರಮ ಕಲಿಸಿಕೊಟ್ಟವರು ನೀವೇ. ಕಾಮಿಕ್ಸ್ ಮಾಡಹೊರಟ ಕನ್ನಡಿಗರಿಗೆಲ್ಲ ಇದನ್ನೇ ಮೊದಲು ಹೇಳಬೇಕು ಅನ್ನಿಸುತ್ತದೆ.

ನಾವು ಬಳಸಿದ ಸಾಫ್ಟ್‌ವೇರ್: ಬಣ್ಣಕ್ಕೆ ಕ್ರಿಟಾ, ಬಲೂನಿಗೆ ಇಂಕ್‌ಸ್ಕೇಪ್. ಎರಡನ್ನೂ ಕಟ್ಟಿ ಎಲ್ಲರಿಗೂ ಉಚಿತವಾಗಿ ಕೊಟ್ಟವರಿಗೆ ನಾವು ಋಣಿ.

ಪ್ರೆಸ್ಸಿನ ಅಣ್ಣಂದಿರೇ, ಎ4 ಪುಟಕ್ಕೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಜಾಗ) ಸೇರಿಸಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 2551×3579 ಪಿಕ್ಸೆಲ್ ಇರಲಿ ಅಂತ ಶುರುವಿನಲ್ಲೇ ಹೇಳಿದಿರಿ; ಯಾವ ಪುಟವನ್ನೂ ಮತ್ತೆ ಬರೆಯಬೇಕಾಗಲಿಲ್ಲ. ಪರದೆಯ ಮೇಲೆ ಹೊಳೆಯುತ್ತಿದ್ದ ರಾತ್ರಿಯ ನೀಲಿ ಶಾಯಿಯಲ್ಲಿ ನೇರಳೆಗೆ ತಿರುಗುತ್ತದೆಂದು ಪ್ರೂಫಿನಲ್ಲಿ ತೋರಿಸಿ, ಮಜೆಂಟಾ (ಕಡುಗುಲಾಬಿ ಶಾಯಿ) ತಗ್ಗಿಸಿದಿರಿ. ಮಾತಿನ ಅಕ್ಷರಗಳ ಕಪ್ಪು ನಾಲ್ಕು ಬಣ್ಣಗಳ ಬೆರಕೆಯಾಗಿದ್ದನ್ನು ಹಿಡಿದವರೂ ನೀವೇ. ಹಾಗೇ ಬಿಟ್ಟಿದ್ದರೆ, ಒಂದೊಂದು ಶಾಯಿಗೂ ಬೇರೆ ಇರುವ ಅಚ್ಚಿನ ಪ್ಲೇಟು ಕೂದಲಷ್ಟು ಸರಿದರೂ ಸಣ್ಣ ಒತ್ತಕ್ಷರಗಳ ಅಂಚಿನಲ್ಲಿ ಬಣ್ಣದ ನೆರಳು ಬೀಳುತ್ತಿತ್ತು. ಈಗ ಅದು ಬರೀ ಕಪ್ಪು ಶಾಯಿ, ನೂರಕ್ಕೆ ನೂರು.