ಕ್ರೀಡಾ ಸಚಿವರೇ, ಬಾವುಟ ಎತ್ತಿದವರ ಹೆಸರನ್ನೂ ಬರೆಸಿಡಿ

ಕರ್ನಾಟಕದ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ ನಮಸ್ಕಾರಗಳು.

ನಾನು ಕರಾಟೆ ಕಲಿಯುವ ಹುಡುಗಿಯೊಬ್ಬಳ ಅಪ್ಪ. ಮಗಳು ಸೋತಳು ಅಂತ ಈ ಪತ್ರ ಬರೆಯುತ್ತಿಲ್ಲ. ಸೋಲು ಅವಳಿಗೆ ಹೊಸದಲ್ಲ. ಸೋತ ದಿನ ಒಂದು ದೋಸೆ ಜಾಸ್ತಿ ತಿಂದು ಮಲಗುತ್ತಾಳೆ.

ಹೋದ ವರ್ಷ ಒಂದು ಜಿಲ್ಲಾ ಮಟ್ಟದ ಪಂದ್ಯ. ಎದುರಾಳಿ ಹುಡುಗಿಯ ಕೆಂಪು ಬೆಲ್ಟಿನ ಗಂಟನ್ನು ಅವಳ ಮಾಸ್ಟರ್ ಬಿಗಿ ಮಾಡಿ, ಬೆನ್ನು ತಟ್ಟಿ ಕಳಿಸಿದರು. ಆಮೇಲೆ ಅವರೇ ಹೋಗಿ ಮ್ಯಾಟಿನ ಮೂಲೆಯ ಕುರ್ಚಿಯಲ್ಲಿ ಕೂತು ಜಡ್ಜ್ ಬಾವುಟ ಕೈಗೆತ್ತಿಕೊಂಡರು!

ಕುಮಿಟೆಯಲ್ಲಿ, ಅಂದರೆ ಕರಾಟೆಯ ಇಬ್ಬರ ನಡುವಿನ ಹೋರಾಟದಲ್ಲಿ, ನಾಲ್ಕು ಮೂಲೆಗೆ ನಾಲ್ವರು ಜಡ್ಜ್. ಇಬ್ಬರಾದರೂ ಒಂದೇ ಬಣ್ಣದ ಬಾವುಟ ಎತ್ತಿದರೆ ಪಾಯಿಂಟ್. ತಲೆಗೆ ಒದ್ದರೆ 3. ಕೊನೇ ಗಳಿಗೆಯಲ್ಲಿ ಮಗಳ ಕಾಲು ಆ ಹುಡುಗಿಯ ಕಿವಿಯವರೆಗೂ ಹೋಯಿತು. ಮಗಳ ಬಣ್ಣದ ಒಂದು ನೀಲಿ ಬಾವುಟ ಎದ್ದಿತು. ಇನ್ನೊಂದು ಏಳಲೇ ಇಲ್ಲ. ನಿಜಕ್ಕೂ ಒದೆತ ಬಿದ್ದಿತ್ತಾ? ನನಗೂ ಗ್ಯಾರಂಟಿ ಇಲ್ಲ, ಅಪ್ಪನ ಕಣ್ಣು ನೋಡಿ. ಕೇಳೋಣ ಅಂದರೆ ವಿಡಿಯೊ ಇಲ್ಲ. ಸ್ಕೋರ್ ಶೀಟಿನಲ್ಲಿ ಜಡ್ಜ್‌ಗಳ ಹೆಸರೂ ಇಲ್ಲ.

ದೊಡ್ಡ ಪಂದ್ಯಗಳ ಕಥೆಯೂ ಗೊತ್ತಿದೆ. 1988ರ ಸೋಲ್ ಒಲಿಂಪಿಕ್ಸ್ ಬಾಕ್ಸಿಂಗ್ ಫೈನಲ್‌ನಲ್ಲಿ ರಾಯ್ ಜೋನ್ಸ್ 86 ಪಂಚ್ ಕೊಟ್ಟು, 32 ತಿಂದು, ಜಡ್ಜ್‌ಗಳ 3-2 ತೀರ್ಪಿನಲ್ಲಿ ಸೋತರು. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಸೆಮಿಫೈನಲ್ ತೀರ್ಪಿಗೆ ಬೇಸತ್ತ ನಮ್ಮ ಬಾಕ್ಸರ್ ಸರಿತಾ ದೇವಿ ಕಂಚಿನ ಪದಕವನ್ನು ಎದುರಾಳಿಗೇ ಕೊಟ್ಟುಬಿಟ್ಟರು. ನಿಷೇಧ ಬಿದ್ದದ್ದು ಸರಿತಾಗೆ. ಆದರೂ ಅಲ್ಲಿ ಟೇಪ್ ಇತ್ತು, ಜಗಳವಾಡಲು ಏನೋ ಒಂದಿತ್ತು. ಈಗ ಕರಾಟೆಯ ವಿಶ್ವ ಮಟ್ಟದ ಪಂದ್ಯಗಳಲ್ಲಿ ಕೋಚ್ ಕೇಳಿದರೆ ವಿಡಿಯೊ ನೋಡಿ ಹೇಳುತ್ತಾರೆ.

ನಮ್ಮ ಜಿಲ್ಲೆಗಳಿಗೆ ಅಷ್ಟೆಲ್ಲ ಬೇಡ. ಪ್ರತಿ ಮ್ಯಾಟಿಗೆ ಸ್ಟ್ಯಾಂಡ್ ಮೇಲೆ ಒಂದು ಮೊಬೈಲ್ ಸಾಕು. ಶೀಟಿನಲ್ಲಿ ರೆಫ್ರಿ ಮತ್ತು ನಾಲ್ವರು ಜಡ್ಜ್‌ಗಳ ಹೆಸರು, ಸಹಿ ಇರಲಿ. ಸ್ವಂತ ಶಿಷ್ಯರ ಪಂದ್ಯಕ್ಕೆ ಯಾರೂ ಜಡ್ಜ್ ಆಗಿ ಕೂರುವುದು ಬೇಡ. ಇಲಾಖೆಯ ಕ್ರೀಡಾಂಗಣ ಕೊಡುವಾಗಲೇ ಈ ಷರತ್ತು ಹಾಕಬಹುದು, ಅಲ್ವಾ? ಜಿಲ್ಲೆ ಗೆದ್ದವರು ರಾಜ್ಯಕ್ಕೆ, ಅಲ್ಲಿಂದ ಮುಂದಕ್ಕೆ ಹೋಗುತ್ತಾರೆ. ಆ ಸರ್ಟಿಫಿಕೇಟಿಗೆ ಕಾಲೇಜಿನ ಕ್ರೀಡಾ ಕೋಟಾದಲ್ಲಿ ಬೆಲೆ ಇದೆ. ಸುಮ್ನೆ ಆಟ ಅಲ್ಲ ಇದು.

ಜಡ್ಜ್‌ಗಳೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೂರಾರು ಪಂದ್ಯ ನೋಡಿದರೆ ಯಾರ ಕಣ್ಣಾದರೂ ಸೋಲುತ್ತದೆ. ಅವರಿಗೆ ಸರಿಯಾದ ಭತ್ಯೆ ಕೊಡಿಸಿ, ನಡುವೆ ಬದಲಿ ಜಡ್ಜ್ ಇರಲಿ.

ಶಾಲೆಗಳ ತಾಲ್ಲೂಕು ಪಂದ್ಯಗಳು ಮಳೆಗಾಲದಲ್ಲೇ ಶುರುವಾಗುತ್ತವೆ. ಅಷ್ಟರೊಳಗೆ ಒಂದು ಸುತ್ತೋಲೆ ಹೊರಡಿಸಿ.

ಇಂತಿ,
ಮ್ಯಾಟಿನ ಆಚೆ ನಿಂತ ಒಬ್ಬ ಅಪ್ಪ