ಭಾಗೀರಥಿಯ ಮಾವನಿಗೆ ಏನೂ ಅನಿಸಲಿಲ್ಲವೇ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಪತ್ರ ವಿಭಾಗದಲ್ಲಿ ಪಾಲಕರೊಬ್ಬರು ಬರೆದ ಪತ್ರವನ್ನು ಓದಿದೆ. ಕನ್ನಡ ಪಾಠಗಳಲ್ಲಿಯೂ ಶಾಲೆಯ ನಾಟಕಗಳಲ್ಲಿಯೂ ಸಾವು, ಅಳು, ಪಶ್ಚಾತ್ತಾಪಗಳೇ ತುಂಬಿವೆ, ಎಳೆಯ ಮನಸ್ಸುಗಳು ಇದರಿಂದ ಕುಗ್ಗುತ್ತವೆ ಎಂಬುದು ಅವರ ವಾದ. ತಮ್ಮ ಮಗುವಿನ ಶಾಲೆಯಲ್ಲಿ ಪುಣ್ಯಕೋಟಿಯ ಕಥೆಯನ್ನು ಆಡಿಸುವಾಗ ಹುಲಿ ಸಾಯುವುದನ್ನು ಕೈಬಿಟ್ಟು, ಹುಲಿಯೂ ಹಸುವೂ ಗೆಳೆಯರಾಗುವಂತೆ ಮುಗಿಸಿದ್ದನ್ನು ಅವರು ಮೆಚ್ಚಿದ್ದಾರೆ. ಉಳಿದ ಪಾಠಗಳಿಗೂ ಅದೇ ಮಾದರಿಯಾಗಲಿ ಎಂದಿದ್ದಾರೆ. ಅವರ ಕಾಳಜಿ ಪ್ರಾಮಾಣಿಕವಾದದ್ದು. ಆದರೆ ರಾಯಚೂರು ಜಿಲ್ಲೆಯ ಹಳ್ಳಿಗಳ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಆ ವಾದವನ್ನು ಒಪ್ಪಲಾರೆ. ಸಾವಿನ ಎದುರು ನಮ್ಮ ಕಾವ್ಯಗಳ ಪಾತ್ರಗಳು ಏನು ಮಾಡುತ್ತವೆ, ಏನು ಹೇಳುತ್ತವೆ, ಏನು ಹೇಳದೆ ಉಳಿಯುತ್ತವೆ ಎಂಬುದನ್ನು ಮಕ್ಕಳಿಂದ ಮರೆಮಾಚಿದರೆ ಅವರ ಕೈಗೆ ಉಳಿಯುವುದು ಬಹಳ ಕಡಿಮೆ.

‘ಕೆರೆಗೆ ಹಾರ’ ಎಂಬ ಜನಪದ ಹಾಡನ್ನೇ ನೋಡೋಣ. ಬೇಸಿಗೆಯಲ್ಲಿ ಕೊಡಪಾನ ಹಿಡಿದು ನೀರಿಗೆ ಅಲೆಯುವ ನಮ್ಮ ಕಡೆಯ ಮಕ್ಕಳಿಗೆ, ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ ಎಂಬ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ನೀರು ಬರಲು ಸೊಸೆಯೊಬ್ಬಳನ್ನು ಕೆರೆಗೆ ಬಲಿ ಕೊಡಬೇಕೆಂದಾಗ, ಹಿರಿಯ ಸೊಸೆಯನ್ನು ಕೊಟ್ಟರೆ ಹಿರಿತನಕ್ಕೆ ಯಾರಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದ ಸುದ್ದಿ ಅವಳ ಕಿವಿಗೆ ಬೀಳುತ್ತದೆ. ಅವಳು ಓಡಿಹೋಗುವುದಿಲ್ಲ, ಜಗಳ ತೆಗೆಯುವುದಿಲ್ಲ, ತವರಿಗೆ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡುತ್ತೇನೆ ಎಂದು ಅಪ್ಪ ಸಮಾಧಾನ ಹೇಳುತ್ತಾನೆ. ನಿಜವನ್ನು ಅವಳು ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಆ ಗೆಳತಿಯಾದರೂ ಏನು ಹೇಳಿದಳು? ‘ಕೊಟ್ಟರೆ ಕೊಡಲೇಳು, ಇಟ್ಟಾಂಗ ಇರಬೇಕು’ ಎಂದಳು. ಹೆಣ್ಣೊಬ್ಬಳ ಸಾವಿನ ಎದುರು ಆಪ್ತರೂ ಇಷ್ಟನ್ನೇ ಹೇಳಬಲ್ಲಂಥ ಕಾಲ ಅದಾಗಿತ್ತು ಎಂಬುದನ್ನು ಆ ಒಂದು ಸಾಲು ನುಡಿಯುವಷ್ಟು ಚೆನ್ನಾಗಿ ಯಾವ ಚರಿತ್ರೆಯ ಪುಸ್ತಕವೂ ನುಡಿದದ್ದನ್ನು ನಾನು ಕಂಡಿಲ್ಲ. ಮುಂದೆ ಪೂಜೆ, ಮರೆತುಬಂದ ಬಂಗಾರದ ಬಟ್ಟಲು, ಅದನ್ನು ತರಲು ಹೋದ ಅವಳನ್ನು ಮುಳುಗಿಸುತ್ತ ಮೆಟ್ಟಿಲಿಗೊಮ್ಮೆ ಮೇಲೇರುವ ನೀರು. ದಂಡಿನಿಂದ ಬಂದ ಗಂಡ ಮಾದೇವರಾಯನಿಗೆ ಕೊನೆಗೆ ನಿಜ ತಿಳಿಸುವವಳೂ ಆ ಗೆಳತಿಯೇ, ಮನೆಯವರಲ್ಲ. ಅವನೂ ಅದೇ ಕೆರೆಗೆ ಹಾರುತ್ತಾನೆ.

ಈ ಹಾಡನ್ನು ಪಾಠ ಮಾಡುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಆಕಿ ಮಾವಗ ಏನೂ ಅನಿಸ್ಲಿಲ್ಲೇನ್ರೀ ಟೀಚರ್?’ ಎಂದು ಕೇಳಿದ್ದಳು. ತರಗತಿಯಲ್ಲಿ ನಾನು ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಗೌಡನಿಗೆ ಏನನಿಸಿತೆಂದು ಹಾಡು ಹೇಳುವುದಿಲ್ಲ. ನೀರು ಬಂತು, ಕೆಲಸವಾಯಿತು. ದುಃಖವೆಲ್ಲ ಸತ್ತವಳದ್ದು, ಅವಳ ಗಂಡನದ್ದು. ಸಾಯಿಸಿದವರ ಬಾಯಲ್ಲಿ ಒಂದು ಮಾತಿಲ್ಲ. ಹಾಡು ಕಟ್ಟಿದ ಹೆಣ್ಣುಮಕ್ಕಳು ಅದನ್ನು ಮರೆತಿರಲಾರರು. ಗೌಡನಿಗೆ ಅಳುವನ್ನು ಕೊಡದೆ ಬಿಟ್ಟದ್ದೇ ಅವರು ಅವನಿಗೆ ಕೊಟ್ಟ ತೀರ್ಪು ಎಂದು ನಾನು ನಂಬಿದ್ದೇನೆ. ಈ ಹಾಡಿನಿಂದ ಸಾವನ್ನು ತೆಗೆದರೆ ಆ ಹುಡುಗಿಯ ಪ್ರಶ್ನೆ ಹುಟ್ಟುವುದಾದರೂ ಎಲ್ಲಿಂದ?

ತಪ್ಪು ಮಾಡಿದವನು ಮಾತನಾಡಿದರೆ ಹೇಗಿರುತ್ತದೆ ಎಂಬುದಕ್ಕೆ ರನ್ನನ ‘ಗದಾಯುದ್ಧ’ವಿದೆ. ಸಾವಿರ ವರ್ಷಗಳ ಹಿಂದೆ ಮುಧೋಳದ ಈ ಕವಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಇವರೆಲ್ಲರ ಮುಂದೆ ಅವನು ನಿಲ್ಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿದು, ನಿನ್ನ ಸಾಹಸದ ಒಂದು ಅಂಶದಷ್ಟಾದರೂ ಇರುವ ಮರಣ ನನಗೂ ಬರಲಿ ಎಂದು ಬೇಡುತ್ತಾನೆ. ತಂದೆಗೆ ಮಗ ಎಳ್ಳುನೀರು ಬಿಡಬೇಕಾದದ್ದು ಕ್ರಮ, ನಿನಗೆ ನಾನು ಬಿಡುವಂತಾಯಿತಲ್ಲ, ಹೀಗೆ ಕ್ರಮ ತಪ್ಪಬಹುದೇ ಎಂದು ಮಗನ ಹೆಣವನ್ನು ಕೇಳುತ್ತಾನೆ. ಬೆಳೆದ ಮಗನನ್ನು ಮಣ್ಣು ಮಾಡಿ ಬಂದ ತಂದೆಯೊಬ್ಬರಿಗೆ ಈ ಪದ್ಯದ ಅರ್ಥವನ್ನು ನಾನೊಮ್ಮೆ ಹೇಳಿದ್ದುಂಟು. ಅವರು ಬಹಳ ಹೊತ್ತು ಸುಮ್ಮನಿದ್ದು, ಇನ್ನೊಮ್ಮೆ ಹೇಳ್ರಿ ಎಂದರು.

ಆದರೆ ರನ್ನ ಅಲ್ಲಿಗೆ ನಿಲ್ಲಿಸಲಿಲ್ಲ. ಸಂಧಿ ಮಾಡಿಕೋ ಎಂದು ಹಿರಿಯರು ಒತ್ತಾಯಿಸಿದಾಗ ದುರ್ಯೋಧನ ಕೊಡುವ ಉತ್ತರ, ‘ದಿನಪಸುತನಂ ಕೊಲಿಸಿದ ನೆಲದೊಡನೆ ಮತ್ತೆ ಪುದುವಾಳ್ದಪೆನೇ’ ಎಂದು. ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ಹೇಗೆ ಬಾಳಲಿ ಎನ್ನುತ್ತಾನೆ. ಕೊಲ್ಲಿಸಿದ್ದು ನೆಲವಂತೆ! ತನ್ನ ಹಟವೇ ಗೆಳೆಯನನ್ನು ಕೊಲ್ಲಿಸಿತು ಎಂಬ ಅರಿವು ಅವನ ತುಟಿಯ ತನಕ ಬಂದು, ಕೊನೆಯ ಗಳಿಗೆಯಲ್ಲಿ ನೆಲದ ಮೇಲೆ ಬಿದ್ದುಬಿಡುತ್ತದೆ. ದುಃಖ ಅಷ್ಟು ನಿಜವಾಗಿದ್ದೂ ಮನುಷ್ಯ ತನ್ನ ಪಾಲಿನ ತಪ್ಪನ್ನು ಹೀಗೆ ಪಕ್ಕಕ್ಕೆ ಸರಿಸಬಲ್ಲ ಎಂಬುದನ್ನು ಹದಿಹರೆಯದವರು ಕಲಿಯಬೇಕಾದದ್ದು ಇಂಥ ಕಡೆಯಿಂದಲೇ.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಸಂಗತಿ ನೆನಪಾಗುತ್ತದೆ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಕೆತ್ತಿದೆ ಎಂದು ನಾವು ಹೆಮ್ಮೆಪಡುತ್ತೇವೆ. ಅದೇ ಅಶೋಕ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ, ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂದು ಪಶ್ಚಾತ್ತಾಪದಿಂದ ಬರೆಸಿದ. ಕಳಿಂಗದಲ್ಲಿಯೇ ಇರುವ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಮಾತ್ರ ಆ ಶಾಸನವಿಲ್ಲ. ತಪ್ಪೊಪ್ಪಿಗೆಯನ್ನು ನೊಂದವರ ಎದುರು ಇಡುವುದು ಚಕ್ರವರ್ತಿಗೂ ಕಷ್ಟವಾಗಿತ್ತೇನೋ. ಇದು ಕಾವ್ಯವಲ್ಲ, ಆದರೂ ರನ್ನನನ್ನು ಓದಿದವರಿಗೆ ಈ ಮೌನ ಕೂಡಲೇ ಕಣ್ಣಿಗೆ ಬೀಳುತ್ತದೆ.

ಜನ್ನನ ‘ಯಶೋಧರ ಚರಿತೆ’ (1209) ಈ ವಿಷಯದಲ್ಲಿ ಇನ್ನೂ ನಿಷ್ಠುರವಾದದ್ದು. ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಕ್ಕೇ ದೊರೆ ಯಶೋಧರ ಮತ್ತು ಅವನ ತಾಯಿ ಇಬ್ಬರೂ ಜನ್ಮಜನ್ಮಗಳಲ್ಲಿ ಬೇಯಬೇಕಾಗುತ್ತದೆ. ನದಿಯಾಚೆಯ ಹಂಪೆಯ ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಹಿಡಿದದ್ದು ಬೇರೆ ದಾರಿ. ಹಾವು ಕಚ್ಚಿ ಸತ್ತ ಮಗನನ್ನು ನೋಡಲು ಹೋಗುವುದಕ್ಕೂ ಚಂದ್ರಮತಿ ಒಡೆಯನ ಮನೆಯ ಕೆಲಸ ಮುಗಿಸಬೇಕು. ಕತ್ತಲೆಯಲ್ಲಿ ಒಬ್ಬಳೇ ಅಡವಿಗೆ ಹೋಗಿ ಹೆಣ ಹುಡುಕಬೇಕು. ಸುಡುಗಾಡಿಗೆ ತಂದರೆ ತೆರೆ, ಅಂದರೆ ಸುಡುಗಾಡಿನ ಸುಂಕ, ಕೊಡದೆ ಸುಡಬಾರದೆಂದು ತಡೆಯುವವನು ಅವಳ ಗಂಡ ಹರಿಶ್ಚಂದ್ರನೇ. ಕೊನೆಗೆ ವಿಶ್ವನಾಥ ಪ್ರತ್ಯಕ್ಷನಾಗಿ ಎಲ್ಲವನ್ನೂ ಮರಳಿ ಕೊಡುತ್ತಾನೆ, ನಿಜ. ಆದರೆ ಕವಿ ಆ ತಾಯಿಯನ್ನು ಮೊದಲು ಮನಸಾರೆ ಅಳಲು ಬಿಟ್ಟ. ಶಾಲೆಯ ನಾಟಕಗಳಲ್ಲಿ ಈಗ ಆ ಅಳುವನ್ನು ಎರಡು ನಿಮಿಷಕ್ಕೆ ಇಳಿಸಿ, ದೇವರನ್ನು ಬೇಗ ರಂಗಕ್ಕೆ ಕರೆತರುತ್ತಾರೆ. ದುಃಖವೇ ಇಲ್ಲದ ಮೇಲೆ ಆ ವರಕ್ಕೆ ಬೆಲೆ ಎಲ್ಲಿಯದು?

ಮಕ್ಕಳಿಗೆ ನಗುವನ್ನೇ ಕೊಡೋಣ ಎನ್ನುವ ಪಾಲಕರು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ಒಮ್ಮೆ ಓದಬೇಕೆಂದು ಕೋರುತ್ತೇನೆ. ಕಂದನನ್ನು ಕಳೆದುಕೊಂಡ ಮನೆಯಲ್ಲಿ, ತನ್ನನ್ನೇ ದಿಟ್ಟಿಸುವ ಹೆಂಡತಿಯ ಕಣ್ಣನ್ನು ಎದುರಿಸಲಾರದ ಗಂಡನ ಮಾತು ಅದು. ಅವಳು ನಗಲು ಯತ್ನಿಸಿದಾಗ ಅವನು ಬೇಡುವುದು, ಅತ್ತರೆ ಅತ್ತುಬಿಡು, ನಕ್ಕು ದುಃಖವನ್ನು ಮರೆಸಬೇಡ ಎಂದು. ನಮ್ಮ ಭಾಗದ ಜನಕ್ಕೆ ಇದು ಹೊಸದೇನೂ ಅಲ್ಲ. ಮೊಹರಂ ಬಂದರೆ ಮುದಗಲ್ಲಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ, 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಕನ್ನಡದಲ್ಲಿಯೇ ರಿವಾಯತ ಪದ ಎಂಬ ಶೋಕದ ಹಾಡುಗಳನ್ನು ಹಾಡುತ್ತಾರೆ. ಆ ಗುಂಪಿನಲ್ಲಿ ಮಕ್ಕಳೂ ನಿಂತಿರುತ್ತಾರೆ. ಅವರನ್ನು ಮನೆಗೆ ಕಳಿಸಬೇಕೆಂದು ಇಲ್ಲಿನ ಹಿರಿಯರಿಗೆ ಎಂದೂ ಅನಿಸಿಲ್ಲ.

ಹುಲಿಯ ವಿಷಯಕ್ಕೆ ಬರುತ್ತೇನೆ. ತನ್ನ ಪ್ರಾಣ ತಾನೇ ತೆಗೆದುಕೊಳ್ಳುವುದನ್ನು ಮಕ್ಕಳ ಮುಂದೆ ದೊಡ್ಡ ಗುಣವೆಂಬಂತೆ ಆಡಿಸಬಾರದು ಎಂಬ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ; ಮಾದೇವರಾಯನ ವಿಷಯದಲ್ಲಿಯೂ ಅದು ಸಲ್ಲುತ್ತದೆ. ಅದಕ್ಕೆ ಪರಿಹಾರ, ಹುಲಿ ಬೇರೇನು ಮಾಡಬಹುದಿತ್ತು ಎಂದು ಮಕ್ಕಳನ್ನೇ ಕೇಳುವುದು, ಅವರ ಉತ್ತರಗಳನ್ನು ತಾಳ್ಮೆಯಿಂದ ಆಲಿಸುವುದು. ಹುಲಿಯನ್ನು ಗೆಳೆಯನನ್ನಾಗಿ ಮಾಡಿಬಿಟ್ಟರೆ, ‘ನಿನ್ನ ಕೊಂದು ಏನ ಪಡೆವೆನು’ ಎಂಬ ಅದರ ಮಾತೇ ಹೊರಟುಹೋಗುತ್ತದೆ. ಗೌಡ ಸೊಸೆಯನ್ನು ನೀರಿಗೆ ಕೊಟ್ಟೂ ಮಾತನಾಡಲಿಲ್ಲ. ಹುಲಿ ಹಸುವನ್ನು ಮುಟ್ಟದೆಯೇ ತಾನು ಮಾಡಹೊರಟದ್ದನ್ನು ಬಾಯಿಬಿಟ್ಟು ಹೇಳಿತು. ಈ ಎರಡನ್ನೂ ಒಂದೇ ವಾರದಲ್ಲಿ ಪಾಠ ಮಾಡಿ, ‘ಈ ಪದ್ಯದ ನೀತಿ ಏನು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಇಬ್ಬರಲ್ಲಿ ಯಾರಿಗೆ ಏನನಿಸಿರಬಹುದು ಎಂದು ಬರೆಯಲು ಹೇಳಿ ಎಂದು ಕನ್ನಡ ಶಿಕ್ಷಕರಲ್ಲಿ ನನ್ನ ವಿನಂತಿ. ತಮ್ಮಲ್ಲಿಯೂ ಒಂದು ಬೇಡಿಕೆಯಿದೆ: ಭಾನುವಾರದ ಮಕ್ಕಳ ಪುಟದಲ್ಲಿ ಈ ಎರಡೂ ಹಾಡುಗಳನ್ನು ಕತ್ತರಿಸದೆ ಪೂರ್ತಿಯಾಗಿ ಪ್ರಕಟಿಸಿ, ಮಕ್ಕಳು ಬರೆದು ಕಳಿಸುವ ಉತ್ತರಗಳಿಗೆ ಮುಂದಿನ ವಾರ ಜಾಗ ಕೊಡಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಲಿಂಗಸುಗೂರು, ರಾಯಚೂರು ಜಿಲ್ಲೆ